ಅಟಲ್ ಸೇತುವೂ ಜಪಾನಿನ ಸಾಲವೂ

ನಮ್ಮ ವಡಾಲದ ಪಕ್ಕದ ಶಿವಡಿಯಿಂದ ಹೊರಡುವ ಅಟಲ್ ಸೇತು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. 2024ರ ಜನವರಿಯಲ್ಲಿ ತೆರೆದ ಈ ಸೇತುವೆಗೆ ಸಾಲ ಕೊಟ್ಟದ್ದು ಜಪಾನ್. 1998ರಲ್ಲಿ ಅದೇ ಅಟಲ್ ಜೀ ಪೋಖ್ರಾನಿನಲ್ಲಿ ಅಣುಪರೀಕ್ಷೆ ಮಾಡಿಸಿದಾಗ ನಮಗೆ ಹೊಸ ಸಾಲ ನಿಲ್ಲಿಸಿದ್ದೂ ಇದೇ ಜಪಾನ್!

ಆಗ ಸ್ಟೇಟ್ ಬ್ಯಾಂಕ್ ರಿಸರ್ಜೆಂಟ್ ಇಂಡಿಯಾ ಬಾಂಡ್ ಮಾರಿ ಅನಿವಾಸಿ ಭಾರತೀಯರಿಂದ ಸುಮಾರು 420 ಕೋಟಿ ಡಾಲರ್ ಎತ್ತಿತು. (ಡಾಲರಿಗೆ ಬಡ್ಡಿ ಶೇ. 7.75. ದೇಶಪ್ರೇಮವೂ ಪುಕ್ಕಟೆಯಲ್ಲ ನೋಡಿ.) 2001ರ ಅಕ್ಟೋಬರಿನಲ್ಲಿ, ಅಮೆರಿಕದ ಮೇಲಿನ ದಾಳಿಯ ಮರುತಿಂಗಳೇ, ಜಪಾನ್ ನಿರ್ಬಂಧ ತೆಗೆಯಿತು. ನಾವೇನೂ ಬಾಂಬು ಬಿಟ್ಟುಕೊಟ್ಟಿರಲಿಲ್ಲ. ಅವರ ಲೆಕ್ಕ ಬದಲಾಗಿತ್ತು. ಈಗಂತೂ ಚೀನಾದ ಭಯ ಬೇರೆ.

ಸಾಲದ ಫೈಲು ನೋಡಿಯೇ ಕೂದಲು ಹಣ್ಣಾದವನು ನಾನು. ಇದನ್ನು ‘ನೆರವು’ ಎಂದು ಪೇಪರಿನವರು ಬರೆದರೆ ಒಪ್ಪಲಾರೆ. ಅಸಲು, ಬಡ್ಡಿ ಎರಡೂ ಕಟ್ಟಬೇಕು; ಸೇತುವೆಯ ಮೇಲೆ ಟೋಲ್ ಕೊಡುವವರೂ ನಾವೇ.