ಕನ್ನಡ ಹಾಡು ಯಾರ್ ಕೇಳ್ತಾರೆ ಅನ್ನೋರಿಗೆ

"ಬೆಂಗಳೂರಲ್ಲಿ ಕನ್ನಡ ಹಾಡು ಹಾಕಿದ್ರೆ ಯಾರ್ ಕೇಳ್ತಾರೆ ಹೇಳಿ? ಇದು ಕಾಸ್ಮೋಪಾಲಿಟನ್ ಸಿಟಿ." ಈ ಮಾತನ್ನ ಜಾಹೀರಾತು ಕಂಪನಿಯಲ್ಲಿರೋ ಗೆಳೆಯನ ಬಾಯಲ್ಲಿ ಕೇಳಿದೀನಿ, ಆಫೀಸಿನ ಊಟದ ಮೇಜಿನಲ್ಲಿ ಕೇಳಿದೀನಿ, ಕೊನೆಗೆ ನಮ್ಮ ತುಮಕೂರು ಕಡೆಯ ಹುಡುಗನೊಬ್ಬ ಹೇಳಿದ್ದನ್ನೂ ಕೇಳಿದೀನಿ. ಎಲ್ಲರೂ ಇದನ್ನ ನ್ಯೂಟನ್ನಿನ ನಿಯಮದ ಥರ ಹೇಳ್ತಾರೆ. ಲೆಕ್ಕ ಮಾತ್ರ ಯಾರೂ ತೋರಿಸೋದಿಲ್ಲ.

ಲೆಕ್ಕ ನೋಡೋಣ ಬನ್ನಿ. 2001ರ ಜನಗಣತಿಯಲ್ಲಿ ಬೆಂಗಳೂರಿನಲ್ಲಿ ಅತಿ ಹೆಚ್ಚು ಜನರ ತಾಯ್ನುಡಿ ಕನ್ನಡ. ತೆಲುಗು, ತಮಿಳು, ಉರ್ದು ಎಲ್ಲ ಆಮೇಲೆ. ಹಿಂದಿ ಇವೆಲ್ಲದರ ಹಿಂದೆ ನಿಂತಿದೆ. ಉರ್ದು ಮನೆಮಾತಿನವರು ಹಿಂದಿ ಸಿನಿಮಾ ಹಾಡು ಕೇಳ್ತಾರೆ, ಒಪ್ಪೋಣ. ಅವರನ್ನ ಸೇರಿಸಿಕೊಂಡರೂ ಕನ್ನಡದ ಹತ್ತಿರ ಬರೋದಿಲ್ಲ. "ಹೊರಗಿನೋರು ಜಾಸ್ತಿ ಇದಾರೆ, ಅವರಿಗೂ ಹಾಡು ಬೇಕಲ್ವಾ" ಅನ್ನೋದು ನಿಜವಾದ ಕಾಳಜಿ ಆಗಿದ್ದಿದ್ರೆ ಕನ್ನಡ ಆದ ಮೇಲೆ ತೆಲುಗು, ತಮಿಳಿನ ಸರದಿ ಬರಬೇಕಿತ್ತು. ಬೆಂಗಳೂರಿನ ಯಾವ ಆರ್‌ಜೆಯಾದರೂ ತಮಿಳಿನವರ ಬಗ್ಗೆ ಈ ಕಾಳಜಿ ತೋರಿಸಿದ್ದನ್ನ ನಾನಂತೂ ಕೇಳಿಲ್ಲ. ಚೆನ್ನೈನಲ್ಲೂ ಹೊರಗಿನೋರು ಇದಾರೆ ಸ್ವಾಮಿ. ಅಲ್ಲಿ ರೇಡಿಯೋ ಹಾಕಿದ್ರೆ ತಮಿಳು ಬರತ್ತೆ, ಯಾರೂ ಸಮಜಾಯಿಷಿ ಕೇಳಲ್ಲ.

ದೇಶದ ಮೊದಲ ಖಾಸಗಿ ಎಫ್.ಎಂ. ಶುರುವಾಗಿದ್ದೇ ನಮ್ಮೂರಲ್ಲಿ. 2001ರ ಜುಲೈ 3ರಂದು, ರೇಡಿಯೋ ಸಿಟಿ. 2005ರಲ್ಲಿ ಎರಡನೇ ಹಂತದ ನೀತಿ ಬಂದ ಮೇಲೆ ಸಾಲುಸಾಲಾಗಿ ಉಳಿದವು ಬಂದವು. ಆ ದಿನಗಳಲ್ಲಿ ಡಯಲ್ ತಿರುಗಿಸಿದರೆ ಮುಂಬೈಯಲ್ಲಿ ಇದೀವೋ ಬೆಂಗಳೂರಲ್ಲಿ ಇದೀವೋ ಅಂತ ಅನುಮಾನ ಬರ್ತಿತ್ತು. 2006ರ ಕೊನೆಗೆ 'ಮುಂಗಾರು ಮಳೆ' ಬಂತು. ಅದರ ಹಾಡುಗಳು ಆಟೋದಲ್ಲಿ, ಬಸ್ಸಲ್ಲಿ, ಮದುವೆ ಮನೆಯಲ್ಲಿ, ಕಡೆಗೆ ಟೆಕ್ ಪಾರ್ಕಿನ ಲಿಫ್ಟಿನಲ್ಲೂ ಗುನುಗಾದವು. ನಾಲ್ಕೈದು ವರ್ಷದಲ್ಲಿ ಒಂದೊಂದೇ ಸ್ಟೇಷನ್ನು ಕನ್ನಡಕ್ಕೆ ತಿರುಗಿತು. ಈಗ ಕೆಲವು "ನಾವು ನೂರಕ್ಕೆ ನೂರು ಕನ್ನಡ" ಅಂತ ಎದೆ ತಟ್ಟಿಕೊಳ್ತವೆ. ಸಂತೋಷ. ಆದರೆ ನಂದೊಂದು ಪ್ರಶ್ನೆ: ಕೇಳುಗರೇ ಇಲ್ಲ ಅಂದಿದ್ದ ಊರಲ್ಲಿ ಇಷ್ಟೊಂದು ಕೇಳುಗರು ಎಲ್ಲಿಂದ ಬಂದರು? ಮೆಜೆಸ್ಟಿಕ್ಕಿನಲ್ಲಿ ರೈಲಿಳಿದು ಬಂದರಾ?

ಅವರು ಮೊದಲಿಂದಲೂ ಇಲ್ಲೇ ಇದ್ದರು. ನಮ್ಮ ಲಗ್ಗೆರೆಗೆ ಬಂದು ನೋಡಿ. ಪೀಣ್ಯಕ್ಕೆ ಅಂಟಿಕೊಂಡ ಊರು ಇದು. ನಾನಿರೋ ಬೀದಿಯಲ್ಲಿ ಕೆಳಗಡೆ ಲೇತ್, ಮೇಲ್ಗಡೆ ಮನೆ. ಬೆಳಗ್ಗೆ 8 ಗಂಟೆಗೆ ಷಟರ್ ಎತ್ತಿದರೆ ಮೊದಲು ಆನ್ ಆಗೋದು ರೇಡಿಯೋ, ಆಮೇಲೆ ಮೋಟರು. ಗಾರ್ಮೆಂಟ್ಸಿಗೆ ಹೋಗೋ ಹೆಣ್ಣುಮಕ್ಕಳು ಒಂದು ಇಯರ್‌ಫೋನನ್ನ ಇಬ್ಬರು ಹಂಚಿಕೊಂಡು ನಡೀತಾರೆ. ರೇಡಿಯೋವನ್ನ ದಿನಕ್ಕೆ ಹತ್ತು ಗಂಟೆ ಕೇಳೋರು ಇವರು. ಕಾರಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ಕೇಳೋ ನನ್ನಂಥವರಲ್ಲ. ಆದರೆ ಜಾಹೀರಾತಿನ ಲೆಕ್ಕದಲ್ಲಿ ನಾನು 'ಎ' ಕ್ಲಾಸು, ಲೇತ್ ಹುಡುಗ ಕೆಳಗಿನ ಯಾವುದೋ ಅಕ್ಷರ. ನನಗೆ ಫ್ಲಾಟು ಮಾರಬಹುದು, ಅವನಿಗೆ ಏನ್ ಮಾರೋದು ಅಂತ. 'ಎ' ಕ್ಲಾಸಿನವನು ಹಿಂದಿ, ಇಂಗ್ಲಿಷು ಕೇಳ್ತಾನೆ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದಾರೆ. ಹಳ್ಳಿಯಿಂದ ಬಂದು ಬಿ.ಇ. ಮಾಡಿದೋನು ಸಂಬಳ ಬಂದ ತಿಂಗಳೇ ಕಿವಿ ಬದಲಾಯಿಸಿಕೊಳ್ತಾನೆ ಅನ್ನೋದು ಇವರ ನಂಬಿಕೆ. ಇದನ್ನ ಮಾರುಕಟ್ಟೆ ಅಂತ ಕರೆಯೋದು ಮಾರುಕಟ್ಟೆಗೆ ಅವಮಾನ.

ಆಫೀಸಿನ ಕೆಲಸದ ಮೇಲೆ ನಾನು ಒಂದು ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದೆ. ಆಗ ಕ್ವಿಬೆಕ್ ಪ್ರಾಂತ್ಯದ ಜನ ಸುಮಾರು 80 ಲಕ್ಷ ಇದ್ದರು, ಹೆಚ್ಚಿನವರದು ಫ್ರೆಂಚು. ಕನ್ನಡಿಗರು 2001ರಲ್ಲೇ ಮೂರೂಮುಕ್ಕಾಲು ಕೋಟಿ. ಆ 80 ಲಕ್ಷದ ಸುತ್ತ ಇಂಗ್ಲಿಷಿನ ಸಮುದ್ರ, ಗಡಿ ದಾಟಿದರೆ ಅಮೆರಿಕ. ಆದರೂ ಅಲ್ಲಿ ಕಾರಿನ ರೇಡಿಯೋ ಹಾಕಿದರೆ ಫ್ರೆಂಚ್ ಹಾಡು ಬರತ್ತೆ. ಜನರ ಅಭಿಮಾನದಿಂದ ಮಾತ್ರ ಅಂದುಕೋಬೇಡಿ, ಅಲ್ಲಿ ನಿಯಮ ಇದೆ. ಸಿ.ಆರ್.ಟಿ.ಸಿ. ಅನ್ನೋ ಕೇಂದ್ರದ ಆಯೋಗ ಹೇಳತ್ತೆ: ಫ್ರೆಂಚ್ ಸ್ಟೇಷನ್ನು ವಾರದಲ್ಲಿ ಹಾಕೋ ಜನಪ್ರಿಯ ಹಾಡುಗಳಲ್ಲಿ ಶೇ. 65 ಫ್ರೆಂಚಿನವೇ ಇರಬೇಕು. ಅದರ ಜೊತೆಗೆ ಇಂಗ್ಲಿಷ್ ಸ್ಟೇಷನ್ನುಗಳಿಗೂ ಶೇ. 35 ಕೆನಡಾದವರದೇ ಹಾಡು. ಇದು 1971ರಲ್ಲಿ ಶೇ. 30ರಿಂದ ಶುರುವಾಗಿದ್ದು. ಫ್ರಾನ್ಸಿನಲ್ಲೂ 1996ರಿಂದ ಶೇ. 40ರ ಕಾನೂನಿದೆ, ಅದರಲ್ಲಿ ಅರ್ಧ ಹೊಸಬರಿಗೆ ಅಥವಾ ಹೊಸ ಹಾಡಿಗೆ.

ರೇಡಿಯೋದವರು ಎಲ್ಲಾ ಕಡೆ ರೇಡಿಯೋದವರೇ, ಅಲ್ಲೂ ಆಟ ಆಡಿದರು. ಕೋಟಾದ ಹಾಡನ್ನೆಲ್ಲ ಯಾರೂ ಕೇಳದ ಅಪರಾತ್ರಿಗೆ ತಳ್ಳಿದರು. ಅದಕ್ಕೆ ಜನ 'ಬೀವರ್ ಗಂಟೆ' ಅಂತ ಹೆಸರಿಟ್ಟರು. ಬೀವರ್ ಅನ್ನೋದು ಕೆನಡಾದ ಲಾಂಛನದಂಥ ಪ್ರಾಣಿ. ಇನ್ನು ಕೆಲವರು ನಾಲ್ಕೈದು ಇಂಗ್ಲಿಷ್ ಹಾಡಿನ ತುಂಡು ಅಂಟಿಸಿ 'ಇದು ಒಂದೇ ಹಾಡು' ಅಂತ ಲೆಕ್ಕ ಕೊಟ್ಟರು. ಆಯೋಗ ಕೈಕಟ್ಟಿ ಕೂರಲಿಲ್ಲ. ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 6ರಿಂದ ಸಂಜೆ 6ರ ಒಳಗೂ ಪಾಲು ಸಿಗಲೇಬೇಕು ಅಂತ ಬೇರೆ ಲೆಕ್ಕ ಇಟ್ಟಿತು. ಹಗಲಲ್ಲಿ ಫ್ರೆಂಚಿಗೆ ಶೇ. 55. ನನಗೆ ಬಹಳ ಹಿಡಿಸಿದ್ದು ಈ ಹಗಲಿನ ನಿಯಮ. ನಮ್ಮಲ್ಲೂ ಬೆಳಗಿನ ಟ್ರಾಫಿಕ್ ಹೊತ್ತಲ್ಲಿ ಯಾವ ಹಾಡು, ರಾತ್ರಿ 11ಕ್ಕೆ ಯಾವ ಹಾಡು ಅಂತ ಕಿವಿಗೊಟ್ಟು ಕೇಳಿ ನೋಡಿ.

ಕೆನಡಾದ ಹಾಡು ಅಂದರೇನು ಅನ್ನೋದಕ್ಕೂ ಅವರ ಹತ್ತಿರ ಸೂತ್ರ ಇದೆ. ಸಂಗೀತ, ಹಾಡುಗಾರ, ಮುದ್ರಣ, ಸಾಹಿತ್ಯ, ಈ ನಾಲ್ಕರಲ್ಲಿ ಎರಡಾದರೂ ಕೆನಡಾದ್ದಾಗಿರಬೇಕು. ಇದರಿಂದ ತಮಾಷೆಯೂ ಆಗಿದೆ. 1991ರಲ್ಲಿ ಲೋಕವೆಲ್ಲ ಹಾಡಿದ ಬ್ರಯಾನ್ ಆಡಮ್ಸ್ ಹಾಡುಗಳು, ಅವನು ಅಪ್ಪಟ ಕೆನಡಾದವನಾದರೂ, ಬೇರೆ ದೇಶದವನ ಜೊತೆ ಸೇರಿ ಬರೆದಿದ್ದಕ್ಕೆ ಲೆಕ್ಕಕ್ಕೆ ಬರಲಿಲ್ಲ. ದೊಡ್ಡ ಗಲಾಟೆಯಾಗಿ ನಿಯಮ ಸಡಿಲ ಮಾಡಿದರು. ಇದೇ ಸೂತ್ರ 'ಮುಂಗಾರು ಮಳೆ'ಯ ಒಂದು ಹಾಡಿಗೆ ಹಚ್ಚಿ ನೋಡಿ. ಹಾಡಿದ್ದು ಸೋನು ನಿಗಮ್, ಸಂಗೀತ ಅಮೆರಿಕದಲ್ಲಿ ನೆಲೆಸಿದ ಸಾಫ್ಟ್‌ವೇರ್ ಉದ್ಯಮಿ ಮನೋಮೂರ್ತಿ, ಸಾಹಿತ್ಯ ಜಯಂತ ಕಾಯ್ಕಿಣಿ. ಪಾಸೋ ಫೇಲೋ? ನನ್ನ ಕೇಳಿದರೆ ನಮಗೆ ಇಷ್ಟೆಲ್ಲ ಬೇಡ, ಫ್ರೆಂಚರ ಥರ ಭಾಷೆ ಒಂದು ಸಾಕು. ಕನ್ನಡದಲ್ಲಿ ಹಾಡಿದರೆ ಅದು ಕನ್ನಡದ ಹಾಡು, ಯಾರ ಗಂಟಲಾದರೂ ಇರಲಿ.

ಈಗ ಬುದ್ಧಿವಂತರು ಏಳ್ತಾರೆ: "ಮೇಲಿಂದ ರುಚಿ ಹೇರಿದ್ರೆ ಏನಾಗತ್ತೆ ಅಂತ ಕೇಸ್ಕರ್ ಕಥೆ ಗೊತ್ತಲ್ಲ?" ಗೊತ್ತು. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದರೆ ಅಲರ್ಜಿ. ಆಕಾಶವಾಣಿಯಿಂದ ಅದು ಮಾಯವಾಯಿತು. ಜನ ಏನ್ ಮಾಡಿದರು? ಮುಳ್ಳನ್ನ ರೇಡಿಯೋ ಸಿಲೋನ್ ಕಡೆ ತಿರುಗಿಸಿದರು. ಪಕ್ಕದ ಪುಟ್ಟ ದೇಶ ಅಮೀನ್ ಸಯಾನಿಯ ಬಿನಾಕಾ ಗೀತ್‌ಮಾಲಾ ಹಾಕಿ ನಮ್ಮ ಜನರನ್ನೂ ನಮ್ಮ ಜಾಹೀರಾತಿನ ದುಡ್ಡನ್ನೂ ಬಾಚಿಕೊಂಡಿತು. ಕೊನೆಗೆ 1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ತೆರೆದು ದೆಹಲಿ ಸೋತಿತು. ಆದರೆ ಕೇಸ್ಕರ್ ಮಾಡಿದ್ದು ಜನ ಕೇಳೋದನ್ನ ಕಿತ್ತುಕೊಂಡಿದ್ದು. ಕೆನಡಾ ಮಾಡಿದ್ದು ಜನರ ಹಾಡಿಗೆ ಬಾಗಿಲು ತೆರೆದಿದ್ದು. ಶೇ. 65 ಅಂದಮೇಲೆ ಉಳಿದ ಶೇ. 35ರಲ್ಲಿ ಬೇಕಾದ್ದು ಹಾಕಿಕೊಳ್ಳಲಿ ಅಂತಲೇ ಅರ್ಥ. ಇನ್ನೂ ನೋಡಿದರೆ ಕೇಸ್ಕರ್ ಅವರ ವಾರಸುದಾರರು ಇವತ್ತಿನ ಪ್ರೋಗ್ರಾಮಿಂಗ್ ಹೆಡ್ಡುಗಳೇ. ಅವರಿಗೆ ಸಿನಿಮಾ ಹಾಡು ಕೀಳಾಗಿ ಕಂಡಿತ್ತು, ಇವರಿಗೆ ಕನ್ನಡದ್ದು.

"ಖಾಸಗಿ ವ್ಯಾಪಾರದಲ್ಲಿ ಸರ್ಕಾರ ಯಾಕೆ ಮೂಗು ತೂರಿಸಬೇಕು?" ತರಂಗಾಂತರ ಯಾರಪ್ಪನ ಆಸ್ತಿನೂ ಅಲ್ಲ ಸ್ವಾಮಿ, ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಸರ್ಕಾರ ಈಗಾಗಲೇ ಮೂಗು ತೂರಿಸಿದೆ. ಖಾಸಗಿ ಎಫ್.ಎಂ. ತನ್ನದೇ ಸುದ್ದಿ ಓದೋ ಹಾಗಿಲ್ಲ! ಸುದ್ದಿಗೆ ಬೇಲಿ ಹಾಕೋಕೆ ಬರತ್ತೆ, ಹಾಡಿಗೆ ಜಾಗ ಮಾಡಿಕೊಡೋಕೆ ಬರಲ್ವಾ? ಲೈಸೆನ್ಸು ಕೊಡೋದು ದೆಹಲಿ, ನಮ್ಮ ವಿಧಾನಸೌಧಕ್ಕೆ ಅದರಲ್ಲಿ ಮಾತಿಲ್ಲ. ಕ್ವಿಬೆಕ್ಕಿಗೂ ಇರಲಿಲ್ಲ. ರೇಡಿಯೋ ಕೇಂದ್ರದ್ದೇ ಅಂತ 1932ರಲ್ಲಿ ತೀರ್ಪಾಗಿ ಅವರು ಸೋತರು. ಸೋತವರು ಸುಮ್ಮನೆ ಕೂರಲಿಲ್ಲ ಅನ್ನೋದೇ ವ್ಯತ್ಯಾಸ.

ಇಷ್ಟರಲ್ಲಿ ನೂರಕ್ಕೆ ನೂರು ಕನ್ನಡದವರು ನಗ್ತಿರಬಹುದು. ಅವರಿಗೂ ಒಂದು ಮಾತಿದೆ. ಆ ದೇಶದಲ್ಲಿ ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ ಇರೋ ವ್ಯತ್ಯಾಸ ಸಂಗೀತದ್ದು. ಒಂದರಲ್ಲಿ ಕಂಟ್ರಿ, ಒಂದರಲ್ಲಿ ಹಳೇ ರಾಕ್, ಇನ್ನೊಂದರಲ್ಲಿ ಜಾಝ್. ಹಾಡೋರು ಸಿನಿಮಾದ ಹಂಗಿಲ್ಲದೆ ಬದುಕ್ತಾರೆ. ನಮ್ಮಲ್ಲಿ ಎಲ್ಲಾ ಸ್ಟೇಷನ್ನಲ್ಲೂ ಈ ತಿಂಗಳ ಸಿನಿಮಾದ ಅದೇ ಹತ್ತಿಪ್ಪತ್ತು ಹಾಡು, ಬದಲಾಗೋದು ಆರ್‌ಜೆಯ ಕಿರುಚಾಟ ಮಾತ್ರ. ಸಿ. ಅಶ್ವಥ್ 2005ರಲ್ಲಿ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಮಾಡಿದಾಗ ಜನಸಾಗರ ಬಂದಿದ್ದು ಭಾವಗೀತೆ ಕೇಳೋಕೆ. ಆ ಜನ ಖಾಸಗಿ ಎಫ್.ಎಂ.ನ ಲೆಕ್ಕಕ್ಕೆ ಯಾಕೆ ಸಿಗಲಿಲ್ಲ? ತತ್ವಪದ, ಜಾನಪದ, ಹೊಸ ಹುಡುಗರ ಬ್ಯಾಂಡು, ಇವಕ್ಕೆಲ್ಲ ಆಕಾಶವಾಣಿಯೇ ಗತಿ. ಆಕಾಶವಾಣಿ ಅನ್ನೋ ಹೆಸರನ್ನ 1935ರಲ್ಲಿ ಮೈಸೂರಿನ ತಮ್ಮ ಮನೆಯ ರೇಡಿಯೋ ಕೇಂದ್ರಕ್ಕೆ ಇಟ್ಟವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. ಖಾಸಗಿ ರೇಡಿಯೋ ಅಂದರೆ ಆಗ ಹಾಗಿತ್ತು.

ಜನಕ್ಕೆ ಏನು ಬೇಕು ಅನ್ನೋ ಸರ್ವೆ ಮಾಡೋರಿಗೆ ಒಂದು ವಿಳಾಸ ಕೊಡ್ತೀನಿ. ಲಗ್ಗೆರೆ ಬ್ರಿಡ್ಜಿನ ಹತ್ತಿರ ಮೊಬೈಲ್ ರೀಚಾರ್ಜ್ ಅಂಗಡಿಗಳು ಸಾಲಾಗಿವೆ. 30 ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡ್ ತುಂಬ ಹಾಡು ತುಂಬಿಸಿ ಕೊಡ್ತಾರೆ. ಕಂಪ್ಯೂಟರಿನಲ್ಲಿ ಫೋಲ್ಡರು ಮಾಡಿಟ್ಟಿದಾರೆ: ಹೊಸ ಕನ್ನಡ, ರಾಜ್ ಹಿಟ್ಸ್, ಮಾದಪ್ಪನ ಹಾಡು, ತೆಲುಗು, ತಮಿಳು, ಹಿಂದಿ. ಮೊನ್ನೆ ನೋಡಿದಾಗ 'ಉ.ಕ. ಜಾನಪದ' ಅನ್ನೋ ಫೋಲ್ಡರಿಗೆ ಬೇರೆ ಡ್ರೈವೇ ಕೊಟ್ಟಿದ್ದರು. ಯಾಕೆ ಅಂದೆ. "ಜಾಗ ಸಾಲಲ್ಲ ಸಾರ್, ರಾಯಚೂರು, ಗುಲ್ಬರ್ಗಾದೋರು ಭಾನುವಾರ ಕ್ಯೂ ನಿಂತ್ಕೋತಾರೆ" ಅಂದ ಅಂಗಡಿ ಹುಡುಗ. ಯಾವುದಾದರೂ ರೇಡಿಯೋದವರು ಬಂದು ಕೇಳಿದ್ದಾರಾ ಅಂದಿದ್ದಕ್ಕೆ, "ಬಂದಿದ್ರು, ಅಂಗಡಿ ಮುಂದೆ ಬೋರ್ಡ್ ಹಾಕ್ತೀವಿ ಅಂತ" ಅಂದ.