ನಮ್ಮ ನೋವನ್ನು ಬರೆಯುವವರು ಯಾರು?

ಅಕ್ಕತಂಗಿಯರೇ, ನಿಮ್ಮ ಸಂಘದ ನಡಾವಳಿ ಪುಸ್ತಕವನ್ನೊಮ್ಮೆ ತೆರೆದು ನೋಡಿ. ಯಾರ ಉಳಿತಾಯ ಎಷ್ಟು, ಯಾರ ಕಂತು ಬಾಕಿ, ಯಾರಿಗೆ ಯಾತಕ್ಕಾಗಿ ಸಾಲ, ಎಲ್ಲವೂ ಅದರಲ್ಲಿದೆ. ಸಾಲದ ಕಾರಣ ‘ಮಗಳ ಮದುವೆ’ ಎಂದಿರುತ್ತದೆ. ಆ ಸಾಲದಲ್ಲಿ ಅಳಿಯನ ಬೈಕಿಗೆ ಎಷ್ಟು ಹೋಯಿತು, ಬಂಗಾರಕ್ಕೆ ಎಷ್ಟು ಹೋಯಿತು, ಇಷ್ಟೆಲ್ಲ ಕೊಟ್ಟ ಮೇಲೂ ಹುಡುಗಿ ಎಷ್ಟು ಪೆಟ್ಟು ತಿಂದಳು ಎಂಬುದು ಎಲ್ಲಿಯೂ ಇಲ್ಲ. ಹಣದ ಲೆಕ್ಕದಲ್ಲಿ ನಾವು ಪಕ್ಕಾ. ನೋವಿಗೆ ಲೆಕ್ಕವೇ ಇಲ್ಲ.

ನಾವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ. ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂದು ಬರೆದವರು ಯಾರು? ಸತ್ತವಳಲ್ಲ. 1990ರ ದಶಕದಲ್ಲಿ ಬೆಂಗಳೂರಿನ ‘ವಿಮೋಚನಾ’ ಸಂಘಟನೆಯವರು ಇಂಥ ಸಾವುಗಳ ಬೆನ್ನು ಹತ್ತಿದಾಗ, ‘ಆಕಸ್ಮಿಕ’ ಎಂಬ ಒಂದು ಪದದಡಿ ವರದಕ್ಷಿಣೆಯ ಹಿಂಸೆ ಎಷ್ಟೊಂದು ಅಡಗಿತ್ತು ಎಂಬುದು ಬಯಲಾಯಿತು.

ಬರೆದರಷ್ಟೇ ಸಾಲದು, ಪ್ರಕಟಿಸುವ ಸಾಧನವೂ ನಮ್ಮ ಕೈಯಲ್ಲಿರಬೇಕು. ಬಾಲವಿಧವೆ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತಿಹಿತೈಷಿಣಿ’ ಗ್ರಂಥಮಾಲೆಯನ್ನು ತಾವೇ ಕಟ್ಟಿದರು. ಅದಕ್ಕೆ ಹಣ, ಕಾಗದ, ಮುದ್ರಣಾಲಯ ಎಲ್ಲವೂ ಬೇಕಿತ್ತು. ಇಂದು ಒಂದು ಮೊಬೈಲ್ ಸಾಕು. 1999ರಲ್ಲಿ ‘ಬ್ಲಾಗರ್’, 2003ರಲ್ಲಿ ‘ವರ್ಡ್‌ಪ್ರೆಸ್’ ಎಂಬ ತಂತ್ರಾಂಶಗಳು ಬಂದವು. ಬ್ಲಾಗ್ ಎಂದರೆ ದಿನಾಂಕ ಸಮೇತ ಬರೆದು ಎಲ್ಲರೂ ಓದುವಂತೆ ಇಂಟರ್ನೆಟ್ಟಿನಲ್ಲಿಡುವ ದಿನಚರಿ. ಖರ್ಚಿಲ್ಲದೆ ಶುರು ಮಾಡಬಹುದು, ಸಂಪಾದಕರ ಅಪ್ಪಣೆ ಬೇಕಿಲ್ಲ. ಈಗ ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ಸಿನಲ್ಲೇ ನಡೆಯುತ್ತವೆ. ಕನ್ನಡದಲ್ಲಿ 2005ರಲ್ಲಿ ‘ಸಂಪದ’ ಬಂತು. ಕವಿತೆ, ಪ್ರವಾಸ, ಅಡುಗೆ ಎಲ್ಲವನ್ನೂ ಕನ್ನಡಿಗರು ಬ್ಲಾಗುಗಳಲ್ಲಿ ಬರೆದರು. ಕಲಘಟಗಿಯ ಕೂಲಿ ಹೆಣ್ಣುಮಗಳ ದಿನಚರಿ ಅಲ್ಲಿ ಎಲ್ಲಿದೆ?

ನಮಗೆ ಮೊಬೈಲ್ ಕಲಿಸುವವರು ಕಂತು ಕಟ್ಟುವುದನ್ನು ಕಲಿಸಿ ಹೋಗುತ್ತಾರೆ. ಸಾಲ ತೀರಿಸಲು ನಡೆಯುವ ಬೆರಳು ಸತ್ಯ ಬರೆಯಲು ನಡೆಯುವುದಿಲ್ಲವೇ? ಅಕ್ಷರ ಬಾರದವರು ಬಾಯಲ್ಲಿ ಹೇಳಿದರೂ ಮೊಬೈಲ್ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ವಾಟ್ಸಾಪ್ ಇದೆಯಲ್ಲ ಎನ್ನುವಿರಾ? ಅಲ್ಲಿ ಇಂದು ಹಾಕಿದ ಮಾತು ನಾಳೆಯ ಶುಭೋದಯದ ಹೂವಿನ ಕೆಳಗೆ ಹೂತುಹೋಗುತ್ತದೆ. ಬ್ಲಾಗಿನ ಬರಹ ಇಟ್ಟಲ್ಲೇ ಇರುತ್ತದೆ, ಮುಂದೆ ಹುಡುಕಿದವರಿಗೆ ಸಿಗುತ್ತದೆ.

‘ಮನಿ ಮಾತು ಬೀದಿಗ್ಯಾಕ?’ ಎಂದು ಹಿರಿಯರು ಕೇಳುತ್ತಾರೆ. ಹೊಡೆತದ ಸದ್ದು ಓಣಿಗೆಲ್ಲ ಕೇಳಿದ ಮೇಲೆ ಅದು ಮನೆಯ ಮಾತಾಗಿ ಎಲ್ಲಿ ಉಳಿಯಿತು? ಬಾಣಂತನ ಮುಗಿಸಿ ಹೊರಟ ಮಗಳ ಜೊತೆ ಕಳಿಸುವ ಕಲಘಟಗಿ ತೊಟ್ಟಿಲು ತವರಿನ ಪ್ರೀತಿ. ‘ತೊಟ್ಟಿಲು ತರದೆ ಮನೆಗೆ ಬರಬೇಡ’ ಎಂದು ಗಂಡನ ಮನೆಯವರು ಅಂದರೆ ಅದು ವಸೂಲಿ. ಇದನ್ನೇ ಬರೆಯಿರಿ.

ಆದರೆ ಎಚ್ಚರದಿಂದ ಬರೆಯಿರಿ. ನೊಂದವಳ ಒಪ್ಪಿಗೆ ಇಲ್ಲದೆ ಬೇಡ. ಹೆಸರು, ಊರು, ಫೋಟೋ ಹಾಕಬೇಡಿ. ಗಂಡನ ಕೈಗೆ ಸಿಗುವ ಮೊಬೈಲಿನಲ್ಲಿ ಬರೆಯಬೇಡಿ; ಸಂಘಕ್ಕೆ ಒಂದೇ ಖಾತೆ ಇರಲಿ, ಅದರ ಪಾಸ್‌ವರ್ಡ್ ನಂಬಿಕಸ್ಥ ಇಬ್ಬರಿಗಷ್ಟೇ ಗೊತ್ತಿರಲಿ. ಕೋರ್ಟಿಗೆ ಬ್ಲಾಗೊಂದೇ ಸಾಲದು, ಆಸ್ಪತ್ರೆಯ ಚೀಟಿ, ಗಾಯದ ಫೋಟೋ ಜೋಪಾನವಾಗಿರಲಿ. ಜೀವಕ್ಕೆ ಅಪಾಯವಿದ್ದಾಗ ಬರೆಯುತ್ತ ಕೂರದೆ 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಿ.

ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ, ಕೌಟುಂಬಿಕ ಹಿಂಸೆಯಿಂದ ರಕ್ಷಣೆ ನೀಡುವ ಕಾಯ್ದೆ 2005ರಲ್ಲಿ. ಕಾಯ್ದೆ ಪುಸ್ತಕದಲ್ಲಿದೆ, ಪೆಟ್ಟು ಮೈಮೇಲಿದೆ. ಇವೆರಡರ ನಡುವೆ ನಮ್ಮ ಬರಹ ನಿಲ್ಲಬೇಕು. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಕೂಡಲೇ ಏಳಬೇಡಿ. ಈ ವಾರ ಯಾರ ಮನೆಯಲ್ಲಿ ಏನು ಕೇಳಿದರು, ಯಾರ ಮೇಲೆ ಕೈ ಎತ್ತಿದರು ಎಂದು ಕೇಳಿ. ಅವಳು ಒಪ್ಪಿದರೆ ದಿನಾಂಕ ಹಾಕಿ ಬರೆಯಿರಿ.