ದುರಸ್ತಿಯ ಹಕ್ಕು

ನಾನು ಹುಡುಗನಾಗಿದ್ದಾಗ, ಎಂದರೆ 1970ರ ದಶಕದಲ್ಲಿ, ನಮ್ಮ ಸಂತೇಬೆನ್ನೂರಿನಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯಿತ್ತು. ಒಂದು ಮೇಜು, ಒಂದು ಸ್ಟೂಲು, ಗೋಡೆಯ ಹಲಗೆಗಳ ಮೇಲೆ ಹೊಟ್ಟೆ ತೆರೆದುಕೊಂಡು ಕುಳಿತ ಹತ್ತಾರು ರೇಡಿಯೋಗಳು. ಅಷ್ಟೇ ಅದರ ವೈಭವ. ನಮ್ಮ ಮನೆಯ ರೇಡಿಯೋ ಹಟ ಹಿಡಿದು ಭದ್ರಾವತಿ ಆಕಾಶವಾಣಿಯನ್ನು ಕೇಳಿಸದೆ ಹೋದಾಗ ತಂದೆಯವರು ಅದನ್ನು ಟವಲಿನಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದರು. “ಎದುರಿಗೇ ಕುಳಿತು ಮಾಡಿಸಿಕೊಂಡು ಬಾ” ಎಂಬುದು ಅವರ ಕಟ್ಟಪ್ಪಣೆ. ಒಳಗಿನ ಒಳ್ಳೆಯ ಭಾಗವನ್ನು ತೆಗೆದುಕೊಂಡು ಹಳೆಯದನ್ನು ಹಾಕಿಬಿಟ್ಟಾರೆಂಬ ಅನುಮಾನ ಅವರಿಗೆ. ಆ ಅನುಮಾನದಿಂದ ಲಾಭವಾದದ್ದು ಮಾತ್ರ ನನಗೆ.

ರೇಡಿಯೋದ ಹಿಂಬದಿಯ ಮುಚ್ಚಳವನ್ನು ತೆಗೆದರೆ ಅದರ ಒಳಮೈಗೆ ಒಂದು ನಕ್ಷೆಯನ್ನು ಅಂಟಿಸಿರುತ್ತಿತ್ತು. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಭಾಗದ ಬೆಲೆ ಎಷ್ಟು ಓಮ್ ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತಿತ್ತು. ಮಾಡಿದವರೇ ತಮ್ಮ ಗುಟ್ಟನ್ನು ಹೀಗೆ ಒಳಗಿಟ್ಟು ಕಳುಹಿಸುತ್ತಿದ್ದರೆಂಬುದು ಇಂದು ನೆನೆದರೆ ಆಶ್ಚರ್ಯವಾಗುತ್ತದೆ. ಅಂಗಡಿಯವರು ಆ ನಕ್ಷೆಯ ಮೇಲೆ ಬೆರಳಾಡಿಸುತ್ತ ನನಗೆ ಪಾಠ ಹೇಳುತ್ತಿದ್ದರು. ಕರೆಂಟಿನ ರೇಡಿಯೋ ‘ಗುಂಯ್’ ಎಂದು ಒಂದೇ ಸಮನೆ ಮೊರೆದರೆ ಕೆಪಾಸಿಟರ್ ಒಣಗಿದೆಯೆಂದು ಅರ್ಥ. ಧ್ವನಿಯ ಗುಂಡಿ ತಿರುಗಿಸುವಾಗ ಕರಕರ ಎಂದರೆ ಅದರೊಳಗೆ ಧೂಳು ಕೂತಿದೆ. ಬೆಸುಗೆಯ ಕಡ್ಡಿ ತಾಗಿದೊಡನೆ ತವರ ಕರಗಿ ಮುತ್ತಿನಂತೆ ನಿಲ್ಲುತ್ತಿತ್ತು; ರಾಳದ ಹೊಗೆ ಮೂಗಿಗೆ ಅಡರುತ್ತಿತ್ತು. ವಿಜ್ಞಾನದ ಪುಸ್ತಕದಲ್ಲಿ ವಿದ್ಯುತ್ತಿನ ಅಧ್ಯಾಯವನ್ನು ಓದುವ ಮೊದಲೇ ನಾನು ಅದನ್ನು ಆ ಸ್ಟೂಲಿನ ಮೇಲೆ ಕುಳಿತು ಓದಿಯಾಗಿತ್ತು.

ಈ ಹಳೆಯ ಕಥೆ ನೆನಪಾದುದಕ್ಕೆ ಕಾರಣವಿದೆ. ಎರಡು ವರ್ಷಗಳ ಹಿಂದೆ ನನ್ನ ಹೆಂಡತಿಯ ಮೊಬೈಲ್ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತು. ಫೋನು ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ನನ್ನ ಅಕ್ಕ ಹಾಡಿದ ಏಳೆಂಟು ಸೋಬಾನೆ ಪದಗಳು ಅದರಲ್ಲಿದ್ದವು. ಹಾಡಿದ ಮರುವರ್ಷವೇ ಅಕ್ಕ ತೀರಿಕೊಂಡಿದ್ದಳು. ಆ ಪದಗಳು ಬೇರೆಲ್ಲಿಯೂ ಇರಲಿಲ್ಲ.

ದಾವಣಗೆರೆಗೆ ಹೋಗಿ ಕಂಪೆನಿಯ ಸೇವಾಕೇಂದ್ರದಲ್ಲಿ ಸರದಿ ಹಿಡಿದು ಕುಳಿತೆ. ಕಿಟಕಿಯಲ್ಲಿದ್ದ ಯುವಕ ವಿನಯವಂತ. “ಬೋರ್ಡನ್ನೇ ಬದಲಾಯಿಸಬೇಕು ಸರ್. ಹೊಸ ಫೋನಿನ ಮುಕ್ಕಾಲು ಪಾಲು ಖರ್ಚು ಬರುತ್ತದೆ. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ” ಎಂದ. “ಒಳಗೆ ಕೆಟ್ಟಿರುವುದೇನಪ್ಪ?” ಎಂದು ಕೇಳಿದೆ. “ಅದನ್ನು ನಾವು ನೋಡುವುದಿಲ್ಲ ಸರ್, ಬದಲಾಯಿಸುತ್ತೇವೆ” ಎಂದ. ಆತನದೇನೂ ತಪ್ಪಿಲ್ಲ, ಆತನಿಗೆ ಕಲಿಸಿದ್ದೇ ಅಷ್ಟು. ಆದರೆ ಕೆಟ್ಟಿರುವುದೇನೆಂದು ನೋಡದೆಯೇ ಹೊರಬಿದ್ದ ಆ ತೀರ್ಪನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಚನ್ನಗಿರಿಯ ಬಸ್ ನಿಲ್ದಾಣದ ಬಳಿಯ ಒಂದು ಪುಟ್ಟ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಬಿಸಿಗಾಳಿಯಿಂದ ಅಂಟನ್ನು ಸಡಿಲಿಸಿ ಹಿಂಬದಿಯನ್ನು ಬಿಡಿಸಿದ. ಭೂತಗನ್ನಡಿಯನ್ನು ಕಣ್ಣಿಗಿಟ್ಟು ನೋಡಿ, “ಮೇಷ್ಟ್ರೇ, ಇದನ್ನು ಅಡಿಕೆ ಬೇಯಿಸುವ ಕಡೆ ಇಟ್ಟಿದ್ದಿರಾ?” ಎಂದು ಕೇಳಿದ. ಇಟ್ಟದ್ದು ನಿಜ. ಕೊಯ್ಲಿನ ದಿನಗಳಲ್ಲಿ ಅದು ಒಲೆಯ ಪಕ್ಕದ ಗೂಡಿನಲ್ಲೇ ಇರುತ್ತಿತ್ತು. ಹಬೆ ತಾಗಿ, ಚಾರ್ಜರ್ ಸಿಕ್ಕಿಸುವ ಜಾಗದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಕಿತ್ತು ಬೇರೊಂದನ್ನು ಬೆಸೆದು ಮುನ್ನೂರೈವತ್ತು ರೂಪಾಯಿ ತೆಗೆದುಕೊಂಡ. ಅಕ್ಕನ ದನಿ ಆ ಅಂಗಡಿಯಲ್ಲೇ ಮತ್ತೆ ಕೇಳಿಸಿತು. ಬೆಸೆದ ಭಾಗ ಎಲ್ಲಿಯದೆಂದು ಕೇಳಿದೆ. ಕಂಪೆನಿ ತನ್ನಂಥವರಿಗೆ ಬಿಡಿಭಾಗ ಕೊಡುವುದಿಲ್ಲವೆಂದು ಹೇಳಿ, ಸತ್ತ ಫೋನುಗಳಿಂದ ತುಂಬಿದ ಮೇಜಿನ ಖಾನೆಯನ್ನು ಎಳೆದು ತೋರಿಸಿದ.

ಕಾಸು ಕೊಟ್ಟು ಕೊಂಡ ವಸ್ತುವನ್ನು ಬಿಚ್ಚಿ ನೋಡುವ ಅಧಿಕಾರ ನನಗಿಲ್ಲವಾದರೆ ಅದು ನಿಜವಾಗಿ ನನ್ನದೆ? ನನ್ನ ದೃಷ್ಟಿಯಲ್ಲಿ ಅಲ್ಲ. ಅದು ಬಾಡಿಗೆಯ ವಸ್ತು. ನಮ್ಮೂರಿನ ಪುಷ್ಕರಣಿ ಪಾಳೆಯಗಾರರ ಕಾಲದ್ದು. ಅದರ ಮೆಟ್ಟಿಲಿನ ಕಲ್ಲು ಕದಲಿದರೆ ಇಂದಿನ ಕಲ್ಲುಕುಟಿಗನೂ ಕೂರಿಸಬಲ್ಲ, ಏಕೆಂದರೆ ಕಟ್ಟಿದವರು ಏನನ್ನೂ ಬಚ್ಚಿಟ್ಟಿಲ್ಲ. ಮೊನ್ನೆ ಮಾಡಿದ ಯಂತ್ರಕ್ಕೆ ಆ ಭಾಗ್ಯವಿಲ್ಲ.

ಕಂಪೆನಿಗಳ ವಾದವನ್ನೂ ಕೇಳಬೇಕು. ಲಿಥಿಯಂ ಬ್ಯಾಟರಿಗೆ ಮೊನಚು ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅಂಟು ಹಾಕುವುದರಿಂದ ನೀರು ಒಳಗಿಳಿಯುವುದು ತಪ್ಪುತ್ತದೆ. ಎರಡೂ ಸತ್ಯವೇ. ಆದರೆ ಅಪಾಯವಿದ್ದರೆ ಕ್ರಮವನ್ನು ಕಲಿಸಬೇಕೇ ಹೊರತು ಬಾಗಿಲನ್ನೇ ಮುಚ್ಚುವುದು ತರವಲ್ಲ. ಬಿಡಿಭಾಗವನ್ನು ಮಾರದಿರುವುದಕ್ಕೆ ಬೆಂಕಿಯ ಭಯ ಕಾರಣವಾಗಲಾರದು. ಇತ್ತ ನಾವು ಎಸೆಯುವ ಪ್ರತಿಯೊಂದು ಫೋನಿನ ಜೊತೆಗೆ ತಾಮ್ರ, ಚಿನ್ನ, ಕೋಬಾಲ್ಟುಗಳೂ ಕಸ ಸೇರುತ್ತವೆ. ಪ್ರಪಂಚದ ಕೋಬಾಲ್ಟಿನ ಬಹುಪಾಲನ್ನು ಅಗೆಯುವುದು ಆಫ್ರಿಕದ ಕಾಂಗೋ ದೇಶದಲ್ಲಿ; ಅಲ್ಲಿ ಬರಿಗೈಯಿಂದ ಅಗೆಯುವವರೂ ಇದ್ದಾರೆ.

ಫ್ರಾನ್ಸಿನಲ್ಲಿ 2021ರಿಂದ ಫೋನು, ಟೆಲಿವಿಷನ್ ಮೊದಲಾದವುಗಳ ಮೇಲೆ ಅವನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದೆಂಬುದಕ್ಕೆ ಹತ್ತಕ್ಕೆ ಇಷ್ಟೆಂದು ಅಂಕ ಬರೆಯುವುದು ಕಡ್ಡಾಯವಾಯಿತು. ವಸ್ತುಗಳಿಗೂ ಪರೀಕ್ಷೆ! ಮೇಷ್ಟರಾಗಿದ್ದ ನನಗೆ ಇದು ಬಹಳ ಹಿಡಿಸಿತು. ನಮ್ಮ ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ಈ ಬಗ್ಗೆ ಒಂದು ಸಮಿತಿ ರಚಿಸಿತು. ಅದೇ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದು, ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಒಳ್ಳೆಯ ಆರಂಭ. ಆದರೆ ಕಂಪೆನಿಗಳು ಮನಸ್ಸು ಮಾಡಿ ಕೊಟ್ಟ ಮಾಹಿತಿಯಷ್ಟರಿಂದ ಚನ್ನಗಿರಿಯ ಆ ಹುಡುಗನಿಗೆ ಬಿಡಿಭಾಗ ಸಿಕ್ಕುವುದಿಲ್ಲ. ನಕ್ಷೆಯನ್ನೂ ಬಿಡಿಭಾಗವನ್ನೂ ಕೇಳಿದವರಿಗೆ ನ್ಯಾಯವಾದ ಬೆಲೆಗೆ ಕೊಡಲೇಬೇಕೆಂಬ ಕಟ್ಟುಪಾಡು ಬೇಕು.

ಅಲ್ಲಿಯವರೆಗೆ ನಾನು ಮಾಡುತ್ತಿರುವುದು ಒಂದೇ ಕೆಲಸ. ಕಳೆದ ದೀಪಾವಳಿಯಲ್ಲಿ ರೇಡಿಯೋ ಕೊಳ್ಳಲು ಹೋದಾಗ, “ಇದು ಕೆಟ್ಟರೆ ಬಿಚ್ಚುವುದು ಹೇಗೆ?” ಎಂದು ಅಂಗಡಿಯವರನ್ನು ಕೇಳಿದೆ. ಹೊಸ ವಸ್ತುವಿಗೆ ಇದೇನು ಅಪಶಕುನದ ಮಾತು ಎಂಬಂತೆ ಅವರು ನಕ್ಕರು. ನಾನು ಬಿಡಲಿಲ್ಲ. ಮೊದಲು ತೋರಿಸಿದ್ದರಲ್ಲಿ ಒಂದೂ ತಿರುಪು ಕಾಣಲಿಲ್ಲ. ಎರಡನೆಯದನ್ನು ಅವರೇ ಬೋರಲು ಹಾಕಿ ಎಣಿಸಿದರು: ನಾಲ್ಕು ತಿರುಪು. ಅದನ್ನೇ ಕಟ್ಟಿಸಿಕೊಂಡು ಬಂದೆ.